ಎಂಟು ತೊಟ್ಟಿಲು, ಒಂದು ಬೀಗ

ಐವತ್ತರ ದಶಕದ ನಡುವಿನ ಮಾತು. ದಾದರ್ ಸ್ಟೇಷನ್ನಿಗೆ ಹತ್ತಿರದ ಬಟ್ಟೆ ಗಿರಣಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಷೇರುದಾರರಿಗೆ ಪ್ರತಿವರ್ಷ ಕಳಿಸುವ ವರದಿಯ ಕೊನೆಗೆ ‘ಕಾರ್ಮಿಕ ಕಲ್ಯಾಣ’ ಅಂತ ಒಂದು ಪುಟ. ಅದನ್ನು ಬರೆಯುವ ಪುಣ್ಯ ನನ್ನ ಪಾಲಿಗೆ ಬಂದಿತ್ತು. ನಮ್ಮ ಮಾಲೀಕರು ಎಂಥ ದಯಾಳುಗಳೆಂದು ನಾನೇ ಬರೆದದ್ದನ್ನು ಓದಿ ನನಗೇ ಕಣ್ಣು ತುಂಬಿ ಬರುತ್ತಿತ್ತು!

ಆ ದಯೆಯಲ್ಲಿ ಒಂದು ತೊಟ್ಟಿಲುಮನೆಯೂ ಇತ್ತು. ದುಡಿಯುವ ತಾಯಂದಿರ ಕೂಸುಗಳಿಗೆಂದು ಕಾನೂನಿನ ಹೆದರಿಕೆಗೆ ಕಟ್ಟಿಸಿದ ಕೋಣೆ. ಎಂಟು ತೊಟ್ಟಿಲು, ಬಿಳಿ ಪರದೆ, ಬಾಗಿಲಿಗೆ ಹಿತ್ತಾಳೆಯ ಬೀಗ. ಕೂಸುಗಳು ಬಂದರೆ ಗಲೀಜಾಗುತ್ತದಲ್ಲ! ಹಾಗಾಗಿ ಕಲ್ಯಾಣಾಧಿಕಾರಿ ಸಾಹೇಬರು ಬೀಗದ ಕೈಯನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

ನೂಲು ಸುತ್ತುವ ಖಾತೆಯಲ್ಲಿ ವಿಜಾಪುರದ ಕಡೆಯ ಹೆಂಗಸೊಬ್ಬಳಿದ್ದಳು. ನಾನು ಧಾರವಾಡದವನೆಂದು ಗೊತ್ತಾದದ್ದೇ ಬಂದು ಹಿಡಿದಳು.

"ಅಣ್ಣಾರ, ಕೂಸಿಗೆ ಅಫೀಮಿನ ಗುಳಿಗಿ ತಿನಿಸಿ ಚಾಳಿನ ಮನ್ಯಾಗ ಮಲಗಿಸಿ ಬರ್ತೀನ್ರಿ. ಒಂದಿನ ಏಳಲೇ ಇಲ್ಲಂದ್ರ ಏನ್ ಮಾಡ್ಲಿ? ಆ ಖೋಲಿ ಒಂದೀಟು ತೆಗಸ್ರಿ."

"ಸಾಹೇಬರಿಗೆ ಹೇಳ್ತೀನವಾ" ಅಂದೆ. ಹೇಳಲಿಲ್ಲ. ನನಗೆ ನನ್ನ ನೌಕರಿ ದೊಡ್ಡದಾಗಿತ್ತು.

ಆ ವರ್ಷ ವರದಿಗೆ ಫೋಟೊ ಬೇಕಾಯಿತು. ಬೀಗ ತೆಗೆದರು. ಸುದ್ದಿ ಕೇಳಿ ಅವಳು ಚಾಳಿಗೆ ಓಡಿ ಕೂಸನ್ನು ಎತ್ತಿಕೊಂಡು ಬಂದಳು. ಇಷ್ಟು ಸೊರಗಿದ ಕೂಸು ಫೋಟೊಕ್ಕೆ ನಡೆಯುವುದಿಲ್ಲವೆಂದು ಸಾಹೇಬರು ವಾಪಸು ಕಳಿಸಿದರು. ಮರುದಿನ ಆಂಟಾಪ್ ಹಿಲ್‌ನ ಮನೆಯಿಂದ ನನ್ನ ಮಗಳನ್ನೇ ಒಯ್ದೆ. ಗುಂಡುಗುಂಡಾಗಿದ್ದಳು, ಕೆನ್ನೆಗೆ ದೃಷ್ಟಿಬೊಟ್ಟು ಬೇರೆ. ಫೋಟೊ ಭರ್ಜರಿಯಾಗಿ ಬಂತು. ಸಂಜೆಗೆ ಮತ್ತೆ ಬೀಗ ಬಿತ್ತು.

ವರದಿ ಅಚ್ಚಾಗಿ ಬಂದಾಗ ಅವಳು ನನ್ನ ಮೇಜಿನ ಹತ್ತಿರ ನಿಂತು ಚಿತ್ರದ ಮೇಲೆ ಬೆರಳಿಟ್ಟಳು.

"ಯಾರ ಕೂಸ್ರಿ ಇದು?"

"ನಂದವಾ."

"ಹಂಗಾರ ನಿಮ್ಮ ಮನಿಯವ್ರೂ ಗಿರಣ್ಯಾಗ ದುಡೀತಾರೇನ್ರಿ?"

ಥೂ, ನನ್ನ ಜನ್ಮಕ್ಕಿಷ್ಟು! ತಲೆ ತಗ್ಗಿಸಿ ಟೈಪ್ ಮಾಡುವವನಂತೆ ಕೂತೆ, ಮಷೀನಿನಲ್ಲಿ ಕಾಗದವೇ ಇರಲಿಲ್ಲ. ವಾರದೊಳಗೆ ಅವಳು ಕೆಲಸ ಬಿಟ್ಟು, ಕೂಸನ್ನು ಕಟ್ಟಿಕೊಂಡು ಊರಿಗೆ ಹೊರಟುಹೋದಳು.

ಮುಂದಿನ ವರ್ಷದ ಪುಟದಲ್ಲಿ ಹೀಗೆ ಬರೆದೆ: ‘ತೊಟ್ಟಿಲುಮನೆಯ ಬಗ್ಗೆ ತಾಯಂದಿರಿಂದ ಒಂದೂ ದೂರು ಬಂದಿಲ್ಲ.’ ಸುಳ್ಳೇನಲ್ಲ. ಕೇಳುತ್ತಿದ್ದವಳು ಅವಳೊಬ್ಬಳೇ.