ಬಳೆಯಿಟ್ಟು ಬರೆದ ಚಿತ್ರ

ಕ್ಷಮೆ ದೊಡ್ಡ ಗುಣ ಎನ್ನುತ್ತಾರೆ. ನನ್ನಲ್ಲಿ ಅದಿಲ್ಲ, ಇರಬೇಕೆಂದೂ ಅನ್ನಿಸಿಲ್ಲ.

ಎಪ್ಪತ್ತರ ದಶಕದ ಕೊನೆ. ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ ಮನೆ, ಥಾಣೆಯ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ. ಪಿಎಚ್‌ಡಿಗೆ ಥಾಣೆಯಲ್ಲೇ ನೌಪಾಡಾದಲ್ಲಿದ್ದ ಪ್ರೊಫೆಸರರೊಬ್ಬರು ಗೈಡು, ನಮ್ಮ ಧಾರವಾಡದ ಕಡೆಯವರೇ. ತಂತಿಯ ಬಳೆಯನ್ನು ಸಾಬೂನು ನೀರಲ್ಲಿ ಅದ್ದಿ ತೆಗೆದರೆ ಪೊರೆ ಕಟ್ಟುತ್ತದಲ್ಲ, ಅದರ ಸಮೀಕರಣವೇ ನನ್ನ ವಿಷಯ. ಅಂಚಿನ ಹತ್ತಿರ ಆ ಪೊರೆ ಎಷ್ಟು ಕಡಿದಾಗಬಹುದು? ಒಂದು ಮಿತಿ ದಾಟುವುದಿಲ್ಲವೆಂದು ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ತೊಡೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು ಎರಡು ವರ್ಷದಲ್ಲಿ ಸಾಧಿಸಿದೆ. ಗಾಡಿ ಕುಲುಕುತ್ತಿತ್ತು, ಚಿತ್ರ ಬರೆಯಲು ಕೈಬಳೆ ತೆಗೆದಿಟ್ಟು ಸುತ್ತ ಗೆರೆ ಎಳೆಯುತ್ತಿದ್ದೆ.

ನೋಟ್‌ಬುಕ್ಕನ್ನು ಗೈಡಿಗೆ ಓದಲು ಕೊಟ್ಟೆ. ಮೂರು ತಿಂಗಳಾದರೂ ಅದು ವಾಪಸು ಬರಲಿಲ್ಲ. ಬಂದದ್ದು ವಿಚಾರ ಸಂಕಿರಣದ ಆಮಂತ್ರಣ. ಅದರಲ್ಲಿ ನನ್ನ ಪ್ರಮೇಯ, ಅವರೊಬ್ಬರದೇ ಹೆಸರು. ಕೆಸರಾದ ಕೈ ನನ್ನದು, ಮೊಸರಿನ ಬಾಯಿ ಅವರದು! ನಿದ್ದೆ ಬಿಟ್ಟು, ಇಡೀ ಸಾಧನೆಯನ್ನು ನೆನಪಿನಿಂದಲೇ ಮತ್ತೆ ಬರೆದೆ. ಆಗ ತಪ್ಪು ಕಂಡಿತು. ಬಳೆ ಎಲ್ಲ ಕಡೆಯೂ ಹೊರಕ್ಕೇ ಬಾಗಿರುತ್ತದೆ. ಎಲ್ಲ ಅಂಚುಗಳೂ ಹಾಗೇ ಇರುತ್ತವೆಂದು ನಾನು ಗೊತ್ತಿಲ್ಲದೆ ನಂಬಿಬಿಟ್ಟಿದ್ದೆ. ಒಳಕ್ಕೆ ಚುಚ್ಚಿದ ಮೂಲೆಯೊಂದಿದ್ದರೆ ಪ್ರಮೇಯ ನಿಲ್ಲುತ್ತಿರಲಿಲ್ಲ.

ಹೋಗಿ ಗೈಡಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಸ್ತ್ರಿ ಸೀರೆ ಉಟ್ಟು ಸಂಕಿರಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಅವರು ಬೋರ್ಡಿನ ಮೇಲೆ ನನ್ನ ದುಂಡು ಚಿತ್ರವನ್ನೇ ಬರೆದು, "ಯಾವ ಅಂಚಿಗಾದರೂ ಇದು ಸರಿ," ಎಂದರು. ನಾನು ಎದ್ದು ಹೋಗಿ, ಚಾಕ್‌ಪೀಸು ತೆಗೆದುಕೊಂಡು, ನಮ್ಮ ಚಾಳಿನ ಹಾಗೆ ನಡುವೆ L ಅಕ್ಷರದಂತೆ ಮಡಚಿದ ಆಕಾರವೊಂದನ್ನು ಪಕ್ಕದಲ್ಲೇ ಬರೆದೆ.

"ಈ ಒಳಮೂಲೆಯಲ್ಲಿ, ಸರ್?"

ಅವರ ಹಣೆ ಬೆವರಿತು. ನನಗೋ ಹೋಳಿಗೆ ಊಟ ಉಂಡಷ್ಟು ತೃಪ್ತಿ. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮೆಲ್ಲಗೆ, "ಕುಂದ್ರವಾ ತಂಗಿ, ಚಾ ಕುಡಿಯೂ ಮುಂದ ಮಾತಾಡೂಣು," ಎಂದರು. ಮೂರು ತಿಂಗಳಿಂದ ಇಲ್ಲದ ತಂಗಿ!

ಸಭೆಯ ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು: "ಇಷ್ಟು ಬೇಗ ತಪ್ಪು ಹೇಗೆ ಹಿಡಿದಿರಿ?"

ನಾನೂ ಇಂಗ್ಲಿಷಿನಲ್ಲೇ, ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿದೆ: "ಅದು ನಾನೇ ಮಾಡಿದ ತಪ್ಪು, ಸರ್. ನನ್ನ ನೋಟ್‌ಬುಕ್ಕು ಇವರ ಹತ್ತಿರ ಇದೆ. ಪುಟಪುಟದಲ್ಲೂ ಈ ಬಳೆಯ ಅಳತೆಯದೇ ಚಿತ್ರ."

ಬಳೆ ತೆಗೆದು ಮೇಜಿನ ಮೇಲಿಟ್ಟೆ. ಅಲ್ಲೇ ಇದ್ದ ತಮ್ಮ ಚೀಲವನ್ನು ಪ್ರೊಫೆಸರರು ತಟ್ಟನೆ ಎದೆಗವಚಿಕೊಂಡರು. ಸಭೆಯೆಲ್ಲ ನೋಡಿತು.