ಅವರ ಹುಬ್ಬು, ನನ್ನ ಸಾರು

ಪಾರ್ಕಿನ್ಸನ್ಸ್ ಅಂದರೆ ಕೈ ನಡುಗುವ ಕಾಯಿಲೆ ಅಂದುಕೊಂಡಿದ್ದೆ. ನಮ್ಮ ಯಜಮಾನರ ಕೈ ಆಮೇಲೆ ನಡುಗಿತು. ಮೊದಲು ನಿಂತದ್ದು ಹುಬ್ಬು.

ನಾನು ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ನೈವೇದ್ಯಕ್ಕೆ ಮೊದಲು ಎಂಜಲು ಮಾಡಬಾರದು ಅಂತ ಅತ್ತೆ ಕಲಿಸಿದ್ದು. ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಹೊಸದರಲ್ಲಿ ಸಾರು ಬಡಿಸಿ, ಅಡುಗೆಮನೆ ಬಾಗಿಲಲ್ಲಿ ನಿಂತು ಇವರ ಮುಖವನ್ನೇ ನೋಡುತ್ತಿದ್ದೆ. ಉಪ್ಪು ಕಡಿಮೆಯಾದರೆ ಬಲಗಡೆಯ ಹುಬ್ಬು ಮೇಲೇರುತ್ತಿತ್ತು. ಅತ್ತೆ ತುತ್ತು ಬಾಯಿಗಿಡುವ ಮೊದಲೇ ಉಪ್ಪಿನ ಬಟ್ಟಲು ತಂದುಬಿಡುತ್ತಿದ್ದೆ. ಹದವಾಗಿದ್ದರೆ ಇವರು ಕಣ್ಣು ಮುಚ್ಚಿಕೊಂಡು ಸೊರ್ರನೆ ಸುರಿಯುತ್ತಿದ್ದರು. ಎಷ್ಟು ಚೆಂದದ ಕಳ್ಳಾಟ! ಆ ದಿನಗಳು ಈಗಲೂ ಬೇಕು ಅನ್ನಿಸುತ್ತದೆ.

ಹೋದ ವರ್ಷ ಆ ಮುಖ ಗೋಡೆಯಂತಾಯಿತು. ಏನು ಬಡಿಸಿದರೂ ಒಂದೇ ಥರ. ಮಂಡಿನೋವಿನಲ್ಲಿ ನಾನು ಸಿಡಿಮಿಡಿಗುಟ್ಟುವ ದಿನ ಅದು ನನ್ನನ್ನು ಹಂಗಿಸುವಂತೆ ಕಾಣುತ್ತಿತ್ತು. ಮಗಳು ಪದ್ಮನಾಭನಗರದಿಂದ ಮೊಮ್ಮಗಳನ್ನು ಕರೆತಂದ ದಿನ ಅದೇ ಮುಖ ಶಾಂತವಾಗಿ ಕಾಣುತ್ತಿತ್ತು. ಇವರಿಗೆ ನಾನು ಸಾಕಾಗಿದ್ದೇನೆ ಅಂತ ಅತ್ತಿದ್ದೂ ಉಂಟು.

ನ್ಯೂರಾಲಜಿಸ್ಟ್ ಹೇಳಿದರು: "ಮೇಡಂ, ಇದನ್ನ ಮಾಸ್ಕ್ಡ್ ಫೇಸ್ ಅಂತೀವಿ. ಮುಖದ ಮಸಲ್ಸ್ ಸರಿಯಾಗಿ ಮೂವ್ ಆಗಲ್ಲ. ಒಳಗೆ ಫೀಲಿಂಗ್ಸ್ ಎಲ್ಲಾ ಹಾಗೇ ಇರುತ್ತೆ."

ಕೋಪವಲ್ಲ, ಕಾಯಿಲೆ.

ತಲೆಯಾಡಿಸಿ ಬಂದೆ. ಆದರೆ ಮನಸ್ಸು ಒಪ್ಪಬೇಕಲ್ಲ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಕಳೆದ ವಾರ ಮೊಮ್ಮಗಳು ಬಂದಿದ್ದಳು. ಖುಷಿಯಲ್ಲಿ ಬಡಿಸಿದೆ. ಇವರು ಮಾತಿಲ್ಲದೆ ಉಂಡರು. ನನಗೆ ಆ ಮುಖದಲ್ಲಿ ತೃಪ್ತಿ ಕಂಡಿತು. ಆಮೇಲೆ ನಾನು ಊಟಕ್ಕೆ ಕೂತರೆ, ಸಾರಿಗೆ ಉಪ್ಪೇ ಹಾಕಿರಲಿಲ್ಲ.

"ಹೇಳಬಾರ್ದಿತ್ತೇನ್ರೀ?"

"ಹೇಳಿದ್ನಲ್ಲೇ," ಅಂದರು, ಕಾಯಿಲೆ ಬಂದಮೇಲಿನ ಆ ಸಣ್ಣ ದನಿಯಲ್ಲಿ. "ಹುಬ್ಬು ಏರಿಸ್ದೆ. ನೀನು ನೋಡ್ತಾನೇ ಇದ್ದೆ, ಉಪ್ಪು ತರ್ಲಿಲ್ಲ. ದಿನಾ ಹೀಗೇ ಮಾಡ್ತೀಯ. ನನ್ನ ಮೇಲೆ ಕೋಪ ಅಂದ್ಕೊಂಡೆ."

ದಿನಾ.

ನಾನು ಅವರ ಮುಖದಲ್ಲಿ ನನ್ನ ಬೇಸರ ಹುಡುಕುತ್ತಿದ್ದಾಗೆಲ್ಲ ಅವರು ಹುಬ್ಬೇರಿಸುತ್ತಲೇ ಇದ್ದರು. ಅದು ಏರುತ್ತಿಲ್ಲ ಅಂತ ಅವರಿಗೇ ಗೊತ್ತಿರಲಿಲ್ಲ. ಎದ್ದು ಹೋಗಿ ಅವರ ಹುಬ್ಬಿನ ಮೇಲೆ ಬೆರಳಿಟ್ಟೆ. "ಇದು ಏಳ್ತಿಲ್ಲ ರೀ," ಅಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮಾತ್ರೆ ಹಿಡಿಸುತ್ತಿದೆ, ನಡಿಗೆ ಸುಧಾರಿಸಿದೆ. ಅಷ್ಟಕ್ಕೇ ದೇವರಿಗೆ ಕೈಮುಗಿದಿದ್ದೇನೆ. ಮುಖ ಮೊದಲಿನಂತೆ ಆದೀತೋ ಇಲ್ಲವೋ. ಈಗ ಬಾಯಿಬಿಟ್ಟು ಕೇಳುತ್ತೇನೆ. ನಿನ್ನೆ ಅತ್ತೆಯ ಕಾಲದ ಯಾವುದೋ ಫಜೀತಿ ನೆನಪಿಸಿಕೊಂಡು ಹೊಟ್ಟೆ ಹಿಡಿದು ನಕ್ಕೆ. ಅವರ ಮುಖ ಅಲ್ಲಾಡಲಿಲ್ಲ.

"ನಗು ಬರ್ಲಿಲ್ವಾ ನಿಮ್ಗೆ?"

"ಆಗ್ಲಿಂದ ನಗ್ತಾನೇ ಇದ್ದೀನಲ್ಲೇ," ಅಂದರು.