ಐವತ್ತಾರು ಕಿಲೋದ ಗಂಡ

ನನ್ನ ತವರು ಖಜೂರಿ. ಮದುವೆಯಾಗಿ ಅತನೂರಿನ ಸೊಸೆಯಾದ ಮೊದಲ ವರ್ಷದಲ್ಲೇ ಊರು ನನ್ನ ಮೇಲೊಂದು ತೀರ್ಪು ಕೊಟ್ಟಿತ್ತು: ಇವಳು ಗಂಡನಿಗೆ ಹೊಟ್ಟೆ ತುಂಬ ಉಣ್ಣಲು ಹಾಕುವುದಿಲ್ಲ. ವಿಚಾರಣೆ ನಡೆಯಲಿಲ್ಲ. ನಮ್ಮ ಮನೆಯವರು ಅಂಗಿ ತೆಗೆದು ಬಾವಿಗೆ ಸ್ನಾನಕ್ಕೆ ಹೋದರೆ ಸಾಕು, ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವರು ಭಾರ ಎತ್ತುವ ಆಟಗಾರರು. ನೌಕರಿ, ತಾಲೀಮು ಎಲ್ಲ ಸೊಲ್ಲಾಪುರದಲ್ಲಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ದೇಶದ ತಂಡದಲ್ಲಿ ಹೊರದೇಶಗಳಿಗೆ ಹೋಗಿ ಬರುತ್ತಿದ್ದರು. ಅವರದು ಐವತ್ತಾರು ಕಿಲೋದ ವರ್ಗ. ಅಂದರೆ ಎತ್ತುವ ಭಾರ ಎಷ್ಟಾದರೂ ಇರಲಿ, ಎತ್ತುವವನ ಮೈ ಐವತ್ತಾರು ದಾಟಬಾರದು. ಸ್ಪರ್ಧೆಗೆ ಮುಂಚೆ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಮುಳ್ಳು ಕೂದಲೆಳೆಯಷ್ಟು ಆಚೆ ಹೋದರೂ ಬಂದ ದಾರಿಗೆ ಸುಂಕವಿಲ್ಲ.

ಇದನ್ನು ಊರಿಗೆ ತಿಳಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ನಮ್ಮಲ್ಲಿ ಜೋಳದ ಚೀಲ ಎತ್ತಿ ಹೆಗಲಿಗೆ ಹಾಕುವವರು ಬಾಗಿಲು ತುಂಬುವಂಥ ಆಳುಗಳು. ಅಗಸಿ ಕಟ್ಟೆಯ ಮೇಲಿನ ಹಿರಿಯರೊಬ್ಬರು ಇವರೆದುರೇ ಅಂದಿದ್ದರು:

"ಲೇ ತಮ್ಮಾ, ನಿನ್ನ ಕಳಿಸ್ಯಾರಂದ್ರ ದೇಶದಾಗ ಗಂಡಸರಿಗಿ ಬರ ಬಂದದೇನೋ?"

"ಹೌದ್ರಿ ಕಾಕಾ, ಸಿಗವಲ್ಲರು ನೋಡ್ರಿ," ಎಂದು ಇವರು ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಒಂದು ಶ್ರಾವಣದಲ್ಲಿ ದೊಡ್ಡ ಸ್ಪರ್ಧೆಗೆ ಹೊರಡುವ ಮುಂಚೆ ಅತ್ತೆಯ ಆಶೀರ್ವಾದಕ್ಕೆಂದು ಊರಿಗೆ ಬಂದೆವು. ತೂಕ ಆಗಲೇ ಗಡಿಯ ಮೇಲೆ ನಿಂತಿತ್ತು. ಊರಿನ ರೂಢಿ ಎಂದರೆ ದೂರ ಹೊರಟವನನ್ನು ಓಣಿಯ ಮನೆಮನೆಗೂ ಊಟಕ್ಕೆ ಕರೆಯುವುದು. ಶೇಂಗಾ ಹೋಳಿಗೆ, ಅದರ ಮೇಲೆ ಕೈ ಬಿಟ್ಟು ಸುರಿದ ತುಪ್ಪ. ಸಾಕು ಅಂದರೆ ಇನ್ನೊಂದು ಬೀಳುತ್ತದೆ, ಬೇಡ ಅಂದರೆ ಎರಡು ಬೀಳುತ್ತವೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹಾಕುತ್ತಾರೆ. ಊಟ ಒಲ್ಲೆ ಅಂದವನು ಮನೆತನಕ್ಕೆ ಅವಮಾನ ಮಾಡಿದಂತೆ. ದೇಶದ ಮಾನ ಆಮೇಲಿನ ಮಾತು.

ನಾನೊಂದು ಉಪಾಯ ಹೂಡಿದೆ. "ಅತ್ತೀ, ಇವರು ದೇವರಿಗಿ ಹರಕಿ ಹೊತ್ತಾರ. ಹೋಗಿ ಬರೂತನ ಉಪವಾಸ," ಎಂದು ಹೇಳಿಬಿಟ್ಟೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತು. ಆಟಕ್ಕಾಗಿ ಒಂದು ತುತ್ತು ಬಿಡಲು ಒಪ್ಪದ ಊರು ದೇವರ ಹೆಸರು ಕೇಳಿ ಕೈ ಮುಗಿಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಹಿಗ್ಗು ಮರುದಿನ ಬೆಳಗಿನವರೆಗೆ ಇತ್ತು. ಉಪವಾಸ ಅಂದರೆ ನಮ್ಮ ಕಡೆ ರೊಟ್ಟಿ, ಅನ್ನ ಬಿಡುವುದು, ತಿನ್ನುವುದನ್ನು ಬಿಡುವುದಲ್ಲ. ನಾನೂ ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಅದು ಹೇಗೆ ಮರೆತೆನೋ! ಪಾಪ, ಉಪವಾಸ ಇರುವ ಹುಡುಗ ಎಂದು ಮನೆಮನೆಯಿಂದ ಶೇಂಗಾ ಪುಡಿ ಹಾಕಿ ತುಪ್ಪದಲ್ಲಿ ಹೊರಳಾಡಿಸಿದ ಸಾಬುದಾಣಿ ಬಂತು. ಶೇಂಗಾ ಉಂಡಿ ಬಂತು, ಬಾಳೆಹಣ್ಣಿನ ಗೊನೆ ಬಂತು, ಕೆನೆ ಕಟ್ಟಿದ ಹಾಲು ಬಂತು. ಊಟವಾದರೂ ಹೊತ್ತಿಗೊಮ್ಮೆ ಇರುತ್ತಿತ್ತು, ಉಪವಾಸಕ್ಕೆ ಹೊತ್ತು ಗೊತ್ತು ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ತೊಗರಿ ತೂಗುವ ಕಾಟಾದ ಮೇಲೆ ನಿಂತು ಬಂದು ಇವರು, ಮೈ ಐವತ್ತಾರು ದಾಟಿದೆ ಎಂದರು.

"ಏನ್ ಮಾಡೂದ್ರಿ ಈಗ?" ಎಂದೆ.

"ನೀನೇ ಹರಕಿ ಹೊರಿಸೀದಿ. ನೀನೇ ತೀರಸು," ಎಂದರು.

ತೀರಿಸಿದೆ. ದೇವರ ಹೆಸರಿನದು, ಚೆಲ್ಲುವಂತಿಲ್ಲ. ಅಡಿಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಅಷ್ಟನ್ನೂ ನಾನೇ ತಿಂದೆ. ಅವರು ಹಿತ್ತಿಲಲ್ಲಿ ಬರೀ ನೀರು ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದರು. ಖಾಲಿ ಪಾತ್ರೆ ಕಂಡು ಅತ್ತೆಗೆ ಸಂತೋಷ. ಆದರೆ ಪಕ್ಕದ ಮನೆಯ ಮುದುಕಿಯ ಕಣ್ಣು ನನ್ನ ಗಲ್ಲದ ಮೇಲಿತ್ತು.

"ಗಂಡ ಒಣಗಾಕತ್ತಾನ, ಹೆಂಡ್ತಿ ಉಬ್ಬಾಕತ್ತಾಳ. ಕಲಿಗಾಲಬೇ!" ಎಂದು ನನಗೆ ಕೇಳುವಂತೆಯೇ ಅಂದಳು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತನ್ನು ನಾನು ಅಕ್ಷರಶಃ ಉಣ್ಣುತ್ತಿದ್ದೆ. ಎಂಥ ಸಿಟ್ಟು ಬಂದಿತ್ತೆಂದರೆ, ಇವರಿಗೆ ಪದಕ ಬರದಿದ್ದರೆ ಆ ಓಣಿಯನ್ನು ಮತ್ತೆ ತುಳಿಯಬಾರದು ಎಂದುಕೊಂಡೆ.

ಪದಕ ಬಂತು. ಕಂಚಿನದು. ಮೂರನೆಯ ಸ್ಥಾನಕ್ಕೆ ಇವರೂ ಇನ್ನೊಬ್ಬನೂ ಸರಿಸಮ ಎತ್ತಿದ್ದರಂತೆ. ಆಗಿನ ನಿಯಮದಲ್ಲಿ ಹಾಗಾದರೆ ಮೈ ಹಗುರ ಇದ್ದವನಿಗೆ ಪದಕ. ಹಗುರ ಇದ್ದವರು ನಮ್ಮವರು. ಊರ ಸತ್ಕಾರದ ವೇದಿಕೆಯ ಮೇಲೆ ಮುಖಂಡರು ಒಂದು ತಾಸು ಮಾತಾಡಿ, ಇದು ನಮ್ಮ ಮಣ್ಣಿನ ಜೋಳದ ಶಕ್ತಿ, ಈ ಓಣಿಯ ತಾಯಂದಿರ ತುಪ್ಪದ ಶಕ್ತಿ ಎಂದರು. ಇವರು ಎದ್ದು, "ನಾ ಹಗೂರ ಇದ್ದೆ ಅಂತ ಗೆದ್ದೇನ್ರಿ," ಎಂದು ಇದ್ದದ್ದನ್ನೇ ಹೇಳಿದರು. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಮಾತ್ರ ಯಾರೂ ಕೂಡಲಿಲ್ಲ.

ಆಮೇಲೆ ಮೂರ್ನಾಲ್ಕು ದೇಶ ಸುತ್ತಿದರು. ಒಂದು ಸ್ಪರ್ಧೆಯಲ್ಲಿ ತಲೆಯ ಮೇಲೆ ಹಿಡಿದ ಭಾರ ಹಿಂದಕ್ಕೆ ವಾಲಿ ಬಲಭುಜದ ಕೀಲು ಹೋಯಿತು. ವೈದ್ಯರು ಇನ್ನು ಎತ್ತಬೇಡ ಎಂದರು. ಆ ವರ್ಷವೆಲ್ಲ ಇವರು ಸುಮ್ಮನೆ ಉಂಡರು. ನಾನೂ ಬಡಿಸಿದೆ. ನಾಲ್ಕೈದು ವರ್ಷದಲ್ಲಿ ಹೊಟ್ಟೆ ಬಂತು, ಕತ್ತು ತುಂಬಿತು, ಕಾಟಾ ಹತ್ತುವುದನ್ನೇ ಬಿಟ್ಟರು.

ಆಗ ಜೇವರ್ಗಿಯಲ್ಲಿ ಒಂದು ಕ್ರೀಡಾಕೂಟದ ಉದ್ಘಾಟನೆಗೆ ನಮ್ಮಿಬ್ಬರನ್ನೂ ಕರೆದರು. ಅತನೂರಿನಿಂದ ಒಂದು ಟೆಂಪೊ ತುಂಬ ಜನ ಬಂದಿದ್ದರು. ಇವರು ವೇದಿಕೆ ಹತ್ತುತ್ತಲೇ ಸಂಘಟಕರ ಮುಖ ಅರಳಿತು. "ನೋಡ್ರಿ, ವಜನ ಎತ್ತಾಂವ ಅಂದ್ರ ಮೈ ಹಿಂಗಿರಬೇಕು! ಇಂಥಾ ಮೈ ಬೆಳಸಿದ ತಾಯಿಗೂ ಸತ್ಕಾರ ಆಗಲಿ," ಎಂದು ನನಗೂ ಶಾಲು ಹೊದಿಸಿದರು. ಪಕ್ಕದ ಮನೆಯ ಮುದುಕಿ ಕೆಳಗಿನಿಂದಲೇ ನನಗೆ ದೃಷ್ಟಿ ತೆಗೆದಳು. ಊರು ನನ್ನನ್ನು ಒಳ್ಳೆಯ ಹೆಂಡತಿ ಎಂದು ಒಪ್ಪಿಕೊಂಡದ್ದು ಅಂದು.

ಇವರ ಕೊರಳಿಗೆ ದಪ್ಪನೆಯ ಸೇವಂತಿಗೆ ಹಾರ ಬಿತ್ತು. ತೆಗೆಯಲು ಹೋದರು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು, ಮೇಲೇಳಲಿಲ್ಲ. ಜನರ ಕಡೆ ನಗುತ್ತಲೇ, "ತಗೀಬೇ," ಎಂದು ಮೆಲ್ಲಗೆ ಅಂದರು. ನಾನು ಹಾರವನ್ನು ಅವರ ತಲೆಯ ಮೇಲಿಂದ ಎತ್ತಿ ತೆಗೆದೆ. ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.